21 ದಿನದ ಲೆಕ್ಕ ಎಲ್ಲಿಂದ ಬಂತು?

ವಯನಾಡಿನ ಮಾನಂದವಾಡಿ ಕಡೆಯ ಯುವ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ಶುಂಠಿ ಕೆಲಸಕ್ಕೆಂದು ಬಾವಲಿ ಗಡಿ ದಾಟಿ ಎಚ್.ಡಿ. ಕೋಟೆ ಕಡೆಗೆ ಬರುತ್ತಾರಂತೆ. ತುಟಿಯಡಿ ಹೊಗೆಸೊಪ್ಪು ಇಟ್ಟುಕೊಳ್ಳುವ ಚಟ ಹತ್ತಿದ್ದು ಅಲ್ಲಿನ ಹೊಲದಲ್ಲೇ. ‘ಮೊಬೈಲಿನಲ್ಲಿ ನೋಡಿ 21 ದಿನ ಬಿಟ್ಟಿದ್ದೆ ಸಾರ್. ಊರಲ್ಲಿದ್ದಾಗ ಅಷ್ಟೇನೂ ಕಾಡಲಿಲ್ಲ. ಹೊಲಕ್ಕೆ ವಾಪಸು ಬಂದ ಮೊದಲ ದಿನವೇ ಮತ್ತೆ ಶುರುವಾಯಿತು. ನನ್ನ ಮನಸ್ಸೇ ಸರಿಯಿಲ್ಲ ಅನ್ನಿಸುತ್ತಿದೆ’ ಎಂದು ಬರೆದಿದ್ದಾರೆ.

ಸರಿಯಿಲ್ಲದ್ದು ಆ 21ರ ಲೆಕ್ಕ. ಅದು ಎಲ್ಲಿಂದ ಬಂತು ಎಂದು ಮೊದಲು ನೋಡೋಣ, ಏಕೆಂದರೆ ಆ ಕಥೆಯೊಳಗೇ ಇವರ ಕೊನೆಯ ಮಾತಿಗೂ ಉತ್ತರದ ಎಳೆಯಿದೆ.

ನ್ಯೂಯಾರ್ಕಿನಲ್ಲಿ ಮ್ಯಾಕ್ಸ್‌ವೆಲ್ ಮಾಲ್ಟ್ಜ್ ಎಂಬ ಪ್ಲಾಸ್ಟಿಕ್ ಸರ್ಜನ್ ಇದ್ದರು. ಮೂಗು ತಿದ್ದಿಸಿಕೊಂಡವರು, ಮುಖದ ಗಾಯದ ಗುರುತು ತೆಗೆಸಿಕೊಂಡವರು ಕನ್ನಡಿಯಲ್ಲಿ ಕಾಣುವ ಹೊಸ ಮುಖಕ್ಕೆ ಹೊಂದಿಕೊಳ್ಳಲು ಕಡಿಮೆಯೆಂದರೂ ಸುಮಾರು 21 ದಿನ ಬೇಕಾಗುತ್ತದೆ ಎಂಬುದನ್ನು ಅವರು ಗಮನಿಸಿದ್ದರು. 1960ರಲ್ಲಿ ಬಂದ ‘ಸೈಕೋ-ಸೈಬರ್ನೆಟಿಕ್ಸ್’ ಪುಸ್ತಕದಲ್ಲಿ ಅದನ್ನು ಬರೆದರು. ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಬಾಯಿಂದ ಬಾಯಿಗೆ ಹೋಗುತ್ತಾ ‘ಕಡಿಮೆಯೆಂದರೂ’ ಎಂಬುದು ಉದುರಿತು, ‘ಸುಮಾರು’ ಉದುರಿತು, ಮುಖದ ಮಾತೂ ಉದುರಿತು. ಉಳಿದದ್ದು ‘21 ದಿನದಲ್ಲಿ ಯಾವ ಅಭ್ಯಾಸವನ್ನಾದರೂ ಬದಲಿಸಬಹುದು’ ಎಂಬ ಘೋಷಣೆ. ಮಾಲ್ಟ್ಜ್ ಅವರನ್ನು ನಿಜವಾಗಿ ಕಾಡಿದ್ದು ಬೇರೆಯೇ ಸಂಗತಿ. ಶಸ್ತ್ರಚಿಕಿತ್ಸೆ ಚೆನ್ನಾಗಿ ಆಗಿದ್ದರೂ ಕೆಲವರು ‘ನಾನು ಇನ್ನೂ ಕುರೂಪಿಯೇ’ ಎನ್ನುತ್ತಿದ್ದರು. ತನ್ನನ್ನು ತಾನು ಹೇಗೆ ಕಾಣುತ್ತೇನೆ ಎಂಬುದು ಮೂಗಿನ ಆಕಾರಕ್ಕಿಂತ ದೊಡ್ಡ ವಿಷಯ ಎಂದು ಅವರಿಗೆ ಹೊಳೆದದ್ದು ಅಲ್ಲಿ. ಪುಸ್ತಕದ ತಿರುಳು ಅದೇ. ಅದನ್ನು ಬಿಟ್ಟು ಜಗತ್ತು ಅಂಕಿಯನ್ನು ಎತ್ತಿಕೊಂಡಿತು.

ಅಂಕಿಯನ್ನು ಅಳೆದು ನೋಡಿದವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು. 96 ಜನ 12 ವಾರ ದಿನಾ ಒಂದು ಹೊಸ ಕೆಲಸ ಮಾಡಿದರು: ಊಟದ ಜೊತೆ ಹಣ್ಣು ತಿನ್ನುವಂಥದ್ದು, ನೀರು ಕುಡಿಯುವಂಥದ್ದು. ಅದು ತಾನಾಗಿ ಆಗುವ ಮಟ್ಟಕ್ಕೆ ಬರಲು ಹಿಡಿದ ಕಾಲದ ಮಧ್ಯಾಂಕ 66 ದಿನ. ಕೆಲವರಿಗೆ 18 ಸಾಕಾಯಿತು, ಕೆಲವರಿಗೆ 254 ದಿನ ಬೇಕಾದೀತು ಎಂದು ಲೆಕ್ಕ ತೋರಿಸಿತು. ಇದು ಹೊಸದನ್ನು ರೂಢಿಸಿಕೊಳ್ಳುವ ಮಾತು. ಹಳೆಯದನ್ನು ಬಿಡುವ ಮಾತಲ್ಲ. ಆ ಅಧ್ಯಯನದಲ್ಲಿ ನನಗೆ ಬಹಳ ಮುಖ್ಯವೆನಿಸುವ ಸಂಗತಿ ಇನ್ನೊಂದಿದೆ. ನಡುವೆ ಒಂದು ದಿನ ತಪ್ಪಿದರೆ ಅಭ್ಯಾಸ ಬೇರೂರುವುದಕ್ಕೆ ಹೇಳಿಕೊಳ್ಳುವಂಥ ಪೆಟ್ಟೇನೂ ಬೀಳಲಿಲ್ಲ.

ಹಾಗಾದರೆ ಹಳೆಯ ಚಟ ಎಲ್ಲಿಗೆ ಹೋಗುತ್ತದೆ? ಎಲ್ಲಿಗೂ ಹೋಗುವುದಿಲ್ಲ. ಇದನ್ನು ಅರ್ಥಮಾಡಿಕೊಳ್ಳಲು ವಯನಾಡಿನವರು ದೂರ ಹೋಗಬೇಕಿಲ್ಲ, ಮುತ್ತಂಗ ಕಾಡಿನ ರಸ್ತೆಯ ಇಕ್ಕೆಲ ನೋಡಿದರೆ ಸಾಕು. ಅಲ್ಲಿ ಹಳದಿ ಹೂ ಬಿಡುವ ಸೆನ್ನಾ ಮರ ಹಬ್ಬಿದೆ. ಮಲಯಾಳದಲ್ಲಿ ಮಂಜಕ್ಕೊನ್ನ ಎನ್ನುತ್ತಾರೆ. ಅಮೆರಿಕದ ಉಷ್ಣವಲಯದಿಂದ ಬಂದ ಈ ಮರವನ್ನು 1980ರ ದಶಕದಲ್ಲಿ ನೆರಳಿಗೆಂದು, ಅಂದಕ್ಕೆಂದು ನೆಟ್ಟರು. ಈಗ ಅದು ವನ್ಯಧಾಮದೊಳಕ್ಕೆ ನುಗ್ಗಿದೆ. ಅದರ ಅಡಿಯಲ್ಲಿ ಹುಲ್ಲು ಏಳುವುದಿಲ್ಲ, ಆನೆಗೂ ಜಿಂಕೆಗೂ ಮೇವಿಲ್ಲ. ಸಿಟ್ಟಿನಿಂದ ಕೊಡಲಿ ಬೀಸಿದರೆ ಒಂದು ಕಾಂಡವಿದ್ದಲ್ಲಿ ಬುಡದಿಂದ ಹತ್ತಾರು ಚಿಗುರು ಏಳುತ್ತವೆ. ಕಡಿದವರು ಸುಸ್ತಾಗುತ್ತಾರೆ, ಮರ ದಟ್ಟವಾಗುತ್ತದೆ. ಅದಕ್ಕೇ ಬುಡದ ತೊಗಟೆ ಸುಲಿದು ಮರ ನಿಂತಲ್ಲೇ ಒಣಗುವಂತೆ ಮಾಡುತ್ತಾರೆ, ಮತ್ತೆ ಮತ್ತೆ ಬಂದು ಚಿಗುರು ಚಿವುಟುತ್ತಾರೆ. ಖಾಲಿಯಾದ ನೆಲದಲ್ಲಿ ಕಾಡಿನದೇ ಹುಲ್ಲು, ಬಿದಿರು, ಸಸಿಗಳು ಮೇಲೇಳಬೇಕು. ಅಷ್ಟಾದರೂ ಮಣ್ಣಿನಲ್ಲಿ ಬೀಜ ಇದ್ದೇ ಇರುತ್ತದೆ. ಮಳೆ ಬಿದ್ದಾಗ ಮೊಳಕೆ ಕಂಡಿತೆಂದು ‘ಈ ಕಾಡೇ ಕೆಟ್ಟದ್ದು’ ಎಂದು ಯಾವ ಅರಣ್ಯ ಕಾವಲುಗಾರನೂ ಹೇಳುವುದಿಲ್ಲ. ಬಂದು ಕೀಳುತ್ತಾನೆ, ಅಷ್ಟೆ.

ಮೆದುಳಿನಲ್ಲೂ ಹೀಗೇ ಎಂದು ತೋರಿಸಿದ ಪ್ರಯೋಗ ಅಮೆರಿಕದ ಎಂಐಟಿಯ ಆ್ಯನ್ ಗ್ರೇಬಿಯಲ್ ಅವರ ಪ್ರಯೋಗಾಲಯದ್ದು. 2012ರಲ್ಲಿ ಪ್ರಕಟವಾಯಿತು. ‘ಟಿ’ ಅಕ್ಷರದಂತೆ ಕವಲೊಡೆದ ಓಣಿಯಲ್ಲಿ ಇಲಿಗಳನ್ನು ಓಡಿಸಿದರು. ಒಂದು ದನಿ ಕೇಳಿದರೆ ಒಂದು ಕಡೆ ಚಾಕೊಲೇಟ್ ಹಾಲು, ಇನ್ನೊಂದು ದನಿ ಕೇಳಿದರೆ ಇನ್ನೊಂದು ಕಡೆ ಸಕ್ಕರೆ ನೀರು. ಓಟ ರೂಢಿಯಾದ ಮೇಲೆ, ಚಾಕೊಲೇಟ್ ಹಾಲು ಕುಡಿದರೆ ವಾಕರಿಕೆ ಬರುವಂತೆ ಮಾಡಿದರು. ಹಾಲು ಬೇಡವಾಯಿತು, ಆದರೂ ದನಿ ಕೇಳಿದೊಡನೆ ಇಲಿ ಅತ್ತಲೇ ಓಡಿತು. ಬೇಡವೆನಿಸಿದರೂ ಕೈ ಪೊಟ್ಟಣಕ್ಕೆ ಹೋಗುವುದು ಹೇಗೆಂದು ಗೊತ್ತಿರುವವರಿಗೆ ಇದನ್ನು ವಿವರಿಸಬೇಕಿಲ್ಲ. ಬಳಿಕ ಹಣೆಯ ಹಿಂಭಾಗದ ಮೆದುಳಿನ ಒಂದು ಪುಟ್ಟ ಭಾಗವನ್ನು ಬೆಳಕಿನಿಂದ ಸುಮ್ಮನಾಗಿಸಿದಾಗ ಆ ಓಟ ನಿಂತಿತು. ಇಲಿ ಇನ್ನೊಂದು ಕಡೆಗೆ ಓಡುವ ಹೊಸ ರೂಢಿ ಕಲಿಯಿತು. ಅದೇ ಭಾಗವನ್ನು ಮತ್ತೊಮ್ಮೆ ಸುಮ್ಮನಾಗಿಸಿದರು. ಹೊಸ ರೂಢಿ ಮಾಯ, ಹಳೆಯ ಓಟ ತಕ್ಷಣ ಹಾಜರ್! ಅಷ್ಟು ದಿನವೂ ಅದು ಅಳಿಸಿಹೋಗಿರಲಿಲ್ಲ, ಅಡಗಿತ್ತು.

ಹೊಲದಲ್ಲೇ ಏಕೆ ಮರಳಿತು ಎಂಬುದಕ್ಕೆ ವರ್ಮಾಂಟ್ ವಿಶ್ವವಿದ್ಯಾಲಯದ ಮಾರ್ಕ್ ಬೌಟನ್ ಅವರ ಕೆಲಸದಲ್ಲಿ ಉತ್ತರವಿದೆ. ಇಲಿ ಒಂದು ಗೂಡಿನಲ್ಲಿ ಕಲಿತದ್ದನ್ನು ಇನ್ನೊಂದು ಗೂಡಿನಲ್ಲಿ ಬಿಡಿಸಿದರೆ, ಮೊದಲ ಗೂಡಿಗೆ ಮರಳಿದಾಗ ಹಳೆಯ ವರ್ತನೆಯೂ ಮರಳುತ್ತದೆ. ಬಿಡುವುದೂ ಒಂದು ಕಲಿಕೆ, ಅದು ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಇದರ ಇನ್ನೊಂದು ಮುಖವನ್ನು 1970ರ ದಶಕದಲ್ಲಿ ಲೀ ರಾಬಿನ್ಸ್ ಕಂಡಿದ್ದರು. ವಿಯೆಟ್ನಾಂನಲ್ಲಿದ್ದ ಅಮೆರಿಕದ ಸೈನಿಕರಲ್ಲಿ ಸುಮಾರು ಐವರಲ್ಲಿ ಒಬ್ಬ ಹೆರಾಯಿನ್‌ನಂಥ ಮಾದಕಗಳಿಗೆ ದಾಸನಾಗಿದ್ದ. ತಾಯ್ನಾಡಿಗೆ ಮರಳಿದ ಮೊದಲ ವರ್ಷದಲ್ಲಿ ಅವರ ಪೈಕಿ ಮತ್ತೆ ದಾಸರಾದವರು ನೂರಕ್ಕೆ ಸುಮಾರು ಐದು. ನಮ್ಮ ಓದುಗರಿಗೆ ಊರಲ್ಲಿ ಕಾಡದ್ದು ಹೊಲದಲ್ಲಿ ಕಾಡಿದ್ದರಲ್ಲಿ ವಿಚಿತ್ರವೇನಿಲ್ಲ. ಊರಲ್ಲಿ ಬಿಡಲು ಅವರು ಕಲಿತಿದ್ದಾರೆ. ಹೊಲದಲ್ಲಿ, ಆ ಗೆಳೆಯರ ನಡುವೆ, ಊಟದ ನಂತರದ ಆ ಹೊತ್ತಿನಲ್ಲಿ ಬಿಡುವುದನ್ನು ಕಲಿಯುವುದು ಬಾಕಿಯಿದೆ.

ಇನ್ನು ‘ನನ್ನ ಮನಸ್ಸೇ ಸರಿಯಿಲ್ಲ’ ಎಂಬ ಮಾತು. ಅಲನ್ ಮಾರ್ಲಟ್ ಎಂಬ ಮನೋವಿಜ್ಞಾನಿ ವ್ಯಸನ ಬಿಟ್ಟವರು ಮತ್ತೆ ಅದರ ಪಾಲಾಗುವುದು ಹೇಗೆಂದು ಬಹುಕಾಲ ಅಧ್ಯಯನ ಮಾಡಿದರು. ಜುಡಿತ್ ಗಾರ್ಡನ್ ಜೊತೆ 1985ರಲ್ಲಿ ಅವರು ತಂದ ಪುಸ್ತಕ ಇಂದಿಗೂ ಚಿಕಿತ್ಸಕರ ಕೈಯಲ್ಲಿದೆ. ಒಮ್ಮೆ ಎಡವಿದಾತ ಕಾರಣವನ್ನು ಜಾಗದಲ್ಲಿ, ಹೊತ್ತಿನಲ್ಲಿ, ಜೊತೆಗಾರರಲ್ಲಿ ಹುಡುಕಿದರೆ ಎದ್ದು ನಿಲ್ಲುತ್ತಾನೆ. ‘ನಾನೇ ಇಂಥವನು’ ಎಂದುಕೊಂಡರೆ ಆ ಸಂಕಟ ತಾಳಲಾರದೆ ಮತ್ತೊಂದು ಚಿಟಿಕೆ ಹಾಕುತ್ತಾನೆ. ಕೆನಡಾದ ಕಾರ್ಲ್ಟನ್ ವಿಶ್ವವಿದ್ಯಾಲಯದಲ್ಲಿ ಮೈಕಲ್ ವೋಲ್ ಮತ್ತು ಸಂಗಡಿಗರು ಓದನ್ನು ಮುಂದೂಡುವ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಗಮನಿಸಿ 2010ರಲ್ಲಿ ವರದಿ ಮಾಡಿದರು. ಮೊದಲ ಪರೀಕ್ಷೆಗೆ ಓದದೆ ಕಾಲ ಕಳೆದದ್ದಕ್ಕೆ ತಮ್ಮನ್ನು ತಾವು ಕ್ಷಮಿಸಿಕೊಂಡವರು ಎರಡನೆಯ ಪರೀಕ್ಷೆಗೆ ಕಡಿಮೆ ಮುಂದೂಡಿದರು. ಒಂದು ಅಧ್ಯಯನವನ್ನು ತಲೆಯ ಮೇಲೆ ಹೊತ್ತು ಮೆರೆಸಬೇಕಿಲ್ಲ. ಆದರೆ ಬೈಗುಳದಿಂದ ಚಟ ಬಿಡಿಸಬಹುದು ಎಂಬ ನಮ್ಮ ಮನೆಮನೆಯ ನಂಬಿಕೆ ತಪ್ಪು ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಆದ್ದರಿಂದ ಆ ಓದುಗರು ಹೊಲಕ್ಕೆ ಹೋಗುವ ಮುನ್ನವೇ ಒಂದಿಷ್ಟು ತಯಾರಿ ಮಾಡಿಕೊಳ್ಳಲಿ. ಊಟವಾದ ಕೂಡಲೇ ಬಾಯಿಗೆ ಬೇರೆ ಏನು ಹಾಕಿಕೊಳ್ಳುವುದು, ಯಾರ ಪಕ್ಕ ಕೂರುವುದು ಎಂದು ಮೊದಲೇ ಗೊತ್ತುಮಾಡಿಕೊಳ್ಳಲಿ. ಎಡವಿದರೆ ಹೊತ್ತು, ಜಾಗ, ಜೊತೆಗಿದ್ದವರನ್ನು ಬರೆದಿಟ್ಟುಕೊಳ್ಳಲಿ. ಮಾರನೆಯ ದಿನದ ಎಣಿಕೆಯನ್ನು ಒಂದರಿಂದ ಶುರುಮಾಡಬೇಕಿಲ್ಲ. ನಿಕೋಟಿನ್ ದೇಹಕ್ಕೂ ಅಂಟುವ ವಸ್ತುವಾದ್ದರಿಂದ ವೈದ್ಯರ ಸಲಹೆ ಪಡೆದು ನಿಕೋಟಿನ್ ಗಮ್ ಬಳಸುವುದರಲ್ಲಿ ನಾಚಿಕೆಯೇನೂ ಬೇಡ. ಬಾಯಲ್ಲಿ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು ಕಂಡರೆ ಇಂದೇ ತೋರಿಸಿ. ತಂಬಾಕು ಬಿಡಲು ನೆರವಾಗುವ ರಾಷ್ಟ್ರೀಯ ಸಹಾಯವಾಣಿ 1800-11-2356ಕ್ಕೆ ಕರೆ ಉಚಿತ. ಮನಸ್ಸು ತೀರಾ ಕುಗ್ಗಿದ್ದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಅಲ್ಲಿ ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು.