ಗ್ರೀಕ್ ಹೂಜಿಯ ಕಪ್ಪು ವೀರರು

ಟ್ರಾಯ್ ಯುದ್ಧದ ನಡುವೆ ಒಂದಿಷ್ಟು ಬಿಡುವು. ಗ್ರೀಕ್ ವೀರರಾದ ಅಕಿಲೀಸ್ ಮತ್ತು ಏಜಾಕ್ಸ್ ಎದುರುಬದುರು ಕೂತು ಪಗಡೆಯಂಥ ಆಟದಲ್ಲಿ ಮುಳುಗಿದ್ದಾರೆ. ಭರ್ಜಿಗಳನ್ನು ಮಾತ್ರ ಕೈಯಿಂದ ಕೆಳಗಿಟ್ಟಿಲ್ಲ. ಅಕಿಲೀಸನ ಬಾಯಿಂದ ‘ನಾಲ್ಕು’, ಏಜಾಕ್ಸನ ಬಾಯಿಂದ ‘ಮೂರು’ ಎಂಬ ಗ್ರೀಕ್ ಪದಗಳು ಹೊರಟಂತೆ ಬರೆದಿದೆ. ಕ್ರಿ.ಪೂ. 540–530ರ ಸುಮಾರಿಗೆ ಅಥೆನ್ಸಿನ ಎಕ್ಸೆಕಿಯಾಸ್ ತಾನೇ ಮಾಡಿ, ಚಿತ್ರ ಬರೆದು, ಸಹಿ ಹಾಕಿದ ಈ ಹೂಜಿ ಈಗ ವ್ಯಾಟಿಕನ್ ಮ್ಯೂಸಿಯಮ್ಮಿನಲ್ಲಿದೆ. ಹೋಮರನ ಕಾವ್ಯಗಳಲ್ಲಿ ಈ ಪ್ರಸಂಗವಿಲ್ಲ.

ಕೆಂಪು ಮಣ್ಣಿನ ಮೇಲೆ ಹೊಳೆಯುವ ಈ ಕಪ್ಪು ಬಂದದ್ದು ಯಾವ ಬಣ್ಣದಿಂದ? ಯಾವ ಬಣ್ಣದಿಂದಲೂ ಅಲ್ಲ. ಕಬ್ಬಿಣದ ಅಂಶವಿರುವ ಜೇಡಿಮಣ್ಣನ್ನು ನೀರಿನಲ್ಲಿ ಕದಡಿ, ಒರಟು ಕಣಗಳು ತಳಕ್ಕಿಳಿದ ಮೇಲೆ ಉಳಿಯುವ ನಯವಾದ ತಿಳಿಗೆಸರನ್ನು ಕುಂಚದಿಂದ ಬಳಿಯುತ್ತಿದ್ದರು. ಚೂಪು ಮೊನೆಯಿಂದ ಅದನ್ನು ಗೀರಿ ಗಡ್ಡ, ಕವಚ, ಮೇಲುಹೊದಿಕೆಯ ಚಿತ್ತಾರ ಮೂಡಿಸುತ್ತಿದ್ದರು. ಉಳಿದ ಕೆಲಸ ಆವಿಗೆಯದು.

ಅಲ್ಲಿ ಒಂದೇ ಸುಡುವಿಕೆಯಲ್ಲಿ ಮೂರು ಹಂತ. ಮೊದಲು ಗಾಳಿ ಧಾರಾಳವಾಗಿ ಒಳಬರುತ್ತದೆ. ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಕಬ್ಬಿಣ ಆಮ್ಲಜನಕದೊಡನೆ ಕೂಡಿ ಹೆಮಟೈಟ್ ಆಗಿ, ಹೂಜಿಯೆಲ್ಲ ಕೆಂಪಾಗುತ್ತದೆ. ಎರಡನೆಯ ಹಂತದಲ್ಲಿ ಗಾಳಿಕಿಂಡಿ ಮುಚ್ಚಿ, ಹಸಿ ಸೌದೆ ಹಾಕಿ, ಶಾಖವನ್ನು 900 ಡಿಗ್ರಿ ದಾಟಿಸುತ್ತಾರೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಮಣ್ಣಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ. ಕೆಂಪು ಹೆಮಟೈಟ್ ಕಪ್ಪು ಮ್ಯಾಗ್ನಟೈಟ್ ಆಗುತ್ತದೆ. ಇದೇ ಹೊತ್ತಿಗೆ ತಿಳಿಗೆಸರಿನ ಸೂಕ್ಷ್ಮ ಕಣಗಳು ಬೆಸೆದು ಗಾಜಿನಂಥ ಪದರವಾಗುತ್ತವೆ. ಕೊನೆಗೆ, ಆವಿಗೆ ಆರುವಾಗ ಕಿಂಡಿ ತೆರೆದರೆ ಗಾಳಿ ಮತ್ತೆ ನುಗ್ಗುತ್ತದೆ. ರಂಧ್ರಗಳಿರುವ ಬರಿಮಣ್ಣು ಅದನ್ನು ಹೀರಿ ಪುನಃ ಕೆಂಪಾಗುತ್ತದೆ. ಬೆಸೆದ ಪದರದೊಳಗೆ ಗಾಳಿಗೆ ದಾರಿಯಿಲ್ಲ, ಹಾಗಾಗಿ ವೀರರು ಕಪ್ಪಾಗಿಯೇ ಉಳಿಯುತ್ತಾರೆ. ಆಧುನಿಕ ಕಾಲಕ್ಕೆ ಈ ಗುಟ್ಟನ್ನು ಬಿಡಿಸಿಕೊಟ್ಟವನು ಜರ್ಮನಿಯ ಥಿಯೊಡೋರ್ ಶೂಮನ್, 1942ರಲ್ಲಿ.

ಕ್ರಿ.ಪೂ. 530–520ರ ಹೊತ್ತಿಗೆ ಅಥೆನ್ಸಿನ ಚಿತ್ರಕಾರರು ಇದನ್ನೇ ತಿರುವುಮುರುವು ಮಾಡಿದರು. ಹಿನ್ನೆಲೆಗೆ ತಿಳಿಗೆಸರು ಬಳಿದು, ಆಕೃತಿಗಳನ್ನು ಬರಿಮಣ್ಣಿನಲ್ಲೇ ಬಿಟ್ಟರು. ಗೀರುವ ಬದಲು ಕುಂಚದಿಂದ ಗೆರೆ ಎಳೆಯಬಹುದಾದ್ದರಿಂದ ಸ್ನಾಯು, ಬಟ್ಟೆಯ ಮಡಿಕೆಗಳು ಸಲೀಸಾಗಿ ಮೂಡಿದವು. ಜ್ಯೂಸ್ ದೇವತೆಯ ಮಗ ಸಾರ್ಪೆಡಾನನ ರಕ್ತಸಿಕ್ತ ಶವವನ್ನು ನಿದ್ರೆ ಮತ್ತು ಮೃತ್ಯು ದೇವತೆಗಳು ಎತ್ತುವ ಯೂಫ್ರೋನಿಯಸನ ಚಿತ್ರ ಈ ಶೈಲಿಯದು. 1972ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಕೊಂಡಿದ್ದ ಆ ಪಾತ್ರೆ 2008ರಲ್ಲಿ ಇಟಲಿಗೆ ಮರಳಿತು.

ಮ್ಯೂಸಿಯಮ್ಮಿನಲ್ಲಿ ಇಂಥ ಹೂಜಿ ಎದುರಾದರೆ ಕಥೆ ನೋಡಿದ ಮೇಲೆ ಕಪ್ಪನ್ನೂ ದಿಟ್ಟಿಸಿ. ನಡುನಡುವೆ ಕೆಂಪು ಮಚ್ಚೆಗಳು ಕಂಡರೆ, ಅಲ್ಲಿಗೆ ಹೊಗೆ ಸರಿಯಾಗಿ ತಲುಪಿರಲಿಲ್ಲ ಅಥವಾ ಪದರ ಪೂರ್ತಿ ಬೆಸೆದಿರಲಿಲ್ಲ ಎಂದರ್ಥ.