ಚಿಮ್ಮಂಡೆಯ ಬಿಲ

ನಾನು ಪ್ರಾಣಿಶಾಸ್ತ್ರದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರಗಳನ್ನು ಓದುವವನು ಹುಳುವಿನ ವಿಚಾರ ಬರೆಯಹೊರಟಿದ್ದಾನಲ್ಲ ಎಂದು ವಾಚಕರು ನಕ್ಕರೆ ತಪ್ಪಿಲ್ಲ. ಆದರೆ ಈ ಹುಳುವಿನ ದೆಸೆಯಿಂದ ನಮ್ಮ ತಂದೆಗೂ ದೊಡ್ಡಪ್ಪನಿಗೂ ಎರಡು ತಿಂಗಳು ಮಾತು ನಿಂತಿತ್ತು.

ನಮ್ಮದು ಕೆರೆಯ ಕೆಳಗಿನ ಗದ್ದೆ. ದೊಡ್ಡಪ್ಪನ ಗದ್ದೆ ನಮ್ಮದಕ್ಕಿಂತ ಒಂದು ಮೆಟ್ಟಿಲು ತಗ್ಗಿನಲ್ಲಿದೆ. ನಡುವೆ ಒಂದೇ ಬದು. ಎರಡು ವರ್ಷದ ಹಿಂದೆ ಮಳೆ ಕೈಕೊಟ್ಟಾಗ ನೀರುಗಂಟಿ ಸರದಿಯ ಮೇಲೆ ನೀರು ಬಿಡುತ್ತಿದ್ದ. ಸಂಜೆ ನಾವು ತುಂಬಿಸಿದ ನೀರು ಬೆಳಗಾಗುವಷ್ಟರಲ್ಲಿ ಇಳಿದುಹೋಗಿರುತ್ತಿತ್ತು. ಆಚೆಯ ಗದ್ದೆಯಲ್ಲಿ ಮಾತ್ರ ನೀರು ಹೊಳೆಯುತ್ತಿತ್ತು. ಬದು ಕಡಿದ ಗುರುತಿರಲಿಲ್ಲ. “ರಾತ್ರಿ ಕಡಿದು ಮುಂಜಾನೆಗೆ ಮೆತ್ತಿಬಿಡ್ತಾನೆ” ಎಂದರು ಅಪ್ಪ. ದಸರಾ ರಜೆಗೆ ಊರಿಗೆ ಹೋದ ನನ್ನನ್ನೇ ಕಾವಲಿಗೆ ಕಳುಹಿಸಿದರು. ರಾತ್ರಿಯೆಲ್ಲ ಯಾರೂ ಬರಲಿಲ್ಲ. ಕತ್ತಲಾದ ಮೇಲೆ ಬದುವಿನೊಳಗಿನಿಂದ ಒಂದೇ ಶ್ರುತಿಯ ಝೇಂಕಾರ ಮಾತ್ರ ಕೇಳಿಸುತ್ತಿತ್ತು. ಎದ್ದು ನಾಲ್ಕು ಹೆಜ್ಜೆ ಇಟ್ಟರೆ ನಿಲ್ಲುವುದು. ಕುಳಿತರೆ ಮತ್ತೆ ಹಿಡಿಯುವುದು.

ನಮ್ಮ ಕಡೆ ರಾತ್ರಿ ಕೂಗುವ ಹುಳುಗಳಿಗೆಲ್ಲ ಜೀರುಂಡೆಯೆಂಬ ಒಂದೇ ಹೆಸರು. ಆದರೆ ಮರದ ಮೇಲೆ ಕಿರ್ರೆನ್ನುವುದು ಬೇರೆ, ನೆಲದ ಚಿಮ್ಮಂಡೆ ಬೇರೆ. ಚಿಮ್ಮಂಡೆಗಳಲ್ಲಿಯೂ ಮನೆ ಕಟ್ಟುವ ರೀತಿ ಒಂದೇ ಅಲ್ಲ. ಯೂರೋಪಿನ ಹೊಲದ ಚಿಮ್ಮಂಡೆಯ ಬಿಲವನ್ನು ಫ್ರಾನ್ಸಿನ ಫಾಬ್ರ್ ಎಂಬಾತನು ಬಹು ಸೊಗಸಾಗಿ ವರ್ಣಿಸಿದ್ದಾನೆ. ಬಿಸಿಲು ಬೀಳುವ ಹುಲ್ಲಿನ ಇಳಿಜಾರಿನಲ್ಲಿ ಬೆರಳು ಹಿಡಿಸುವಷ್ಟು ಅಗಲದ ಓರೆ ಸುರಂಗ. ಬಾಗಿಲ ಮುಂದೆ ಗುಡಿಸಿದಂತಹ ಜಗಲಿ. ಮರೆಗೆ ಒಂದು ಹುಲ್ಲಿನ ಕುಚ್ಚು. ಆ ಕುಚ್ಚನ್ನು ಮಾತ್ರ ಹುಳು ಮೇಯುವುದಿಲ್ಲವಂತೆ! ಫಾಬ್ರ್ 1823ರಲ್ಲಿ ಬಡ ರೈತರ ಮನೆಯಲ್ಲಿ ಹುಟ್ಟಿದವನು. ಅವನ ಬರಹ ನನಗೆ ಹಿಡಿಸಿದ್ದಕ್ಕೆ ಇದೂ ಒಂದು ಕಾರಣವಿರಬೇಕು.

ನಮ್ಮ ಬದುವಿನಲ್ಲಿದ್ದುದು ಇನ್ನೊಂದು ಪಂಗಡದ್ದು. ಇಂಗ್ಲಿಷಿನಲ್ಲಿ ಮೋಲ್ ಕ್ರಿಕೆಟ್ ಎನ್ನುತ್ತಾರೆ. ಬೆರಳುದ್ದಕ್ಕೂ ಕಡಮೆ, ಕಂದು ಬಣ್ಣ, ಮೈಮೇಲೆ ಮಖಮಲ್ಲಿನಂತಹ ನವಿರು. ಕೆಸರು ಅಂಟದಿರಲು ಅದು ಸಹಾಯಕ. ನೋಡತಕ್ಕದ್ದು ಅದರ ಮುಂಗಾಲು. ಚಪ್ಪಟೆಯಾಗಿ, ಅಂಚಿಗೆ ಬಲವಾದ ಹಲ್ಲುಗಳಿದ್ದು, ಗುದ್ದಲಿಯೂ ಹಾರೆಯೂ ಕೂಡಿದ ಹಾಗಿದೆ. ಹುಳುವನ್ನು ಮುಷ್ಟಿಯಲ್ಲಿ ಹಿಡಿದರೆ ಬೆರಳುಗಳನ್ನು ಅಗಲಿಸಿಕೊಂಡು ಹೊರಗೆ ಬರುತ್ತದೆ. ಆ ಬಲ ಕಂಡು ನನಗೆ ಆಶ್ಚರ್ಯವಾಯಿತು. ಅದು ಸುರಂಗ ತೋಡುವುದೂ ಹೀಗೆಯೇ: ಮಣ್ಣನ್ನೆಲ್ಲ ಹೊರಗೆ ಸಾಗಿಸದೆ ಎಡಬಲಕ್ಕೆ ಒತ್ತುತ್ತ, ತಲೆಯ ಹಿಂದಿನ ಗಟ್ಟಿ ಕವಚದಿಂದ ಗೋಡೆಯನ್ನು ಅದುಮುತ್ತ ಮುಂದೆ ಸಾಗುತ್ತದೆ. ಹಸಿ ಮಣ್ಣು ಅದಕ್ಕೆ ಪ್ರಿಯ. ನೀರಿನ ಪಕ್ಕದ ಬದುವಿಗಿಂತ ಒಳ್ಳೆಯ ಜಾಗ ಬೇರೇನು ಬೇಕು? ಬೇರು, ಎರೆಹುಳು, ಸಣ್ಣ ಕೀಟಗಳೇ ಆಹಾರ.

ಮೇವಿಗೆ ತೋಡುವ ಸುರಂಗ ಬೇರೆ, ಹಾಡಿಗೆ ಕಟ್ಟುವ ಬಿಲ ಬೇರೆ. ಹಾಡುವುದು ಗಂಡು, ಮೇಲಿನ ರೆಕ್ಕೆಗಳನ್ನು ಒಂದಕ್ಕೊಂದು ಉಜ್ಜಿ ನಾದ ಹೊರಡಿಸುತ್ತದೆ. ಬಿಲದ ಬಾಯಿ ನಾದಸ್ವರದ ತುದಿಯಂತೆ ಅರಳಿರುತ್ತದೆ, ಒಳಗೆ ಕಿರಿದಾದ ಕಂಠ, ಕಂಠದ ಹಿಂದೆ ಗುಂಡನೆಯ ಒಂದು ಪೊಟರೆ. ಹುಳು ತಲೆಯನ್ನು ಒಳಕ್ಕೆ ಮಾಡಿ ಕಂಠದಲ್ಲಿ ನಿಂತು ಹಾಡುತ್ತದೆ. 1970ರಲ್ಲಿ ಬೆನೆಟ್-ಕ್ಲಾರ್ಕ್ ಎಂಬ ಬ್ರಿಟಿಷ್ ವಿಜ್ಞಾನಿ ದಕ್ಷಿಣ ಫ್ರಾನ್ಸಿನ ದ್ರಾಕ್ಷಿ ತೋಟಗಳ ಇಂತಹ ಹುಳುವೊಂದರ ಬಿಲವನ್ನು ಅಳೆದು ಪ್ರಕಟಿಸಿದನು. ಅದರ ಬಿಲಕ್ಕೆ ಎರಡು ಬಾಯಿ; ನಿಶ್ಶಬ್ದವಾದ ರಾತ್ರಿಯಲ್ಲಿ ಹಾಡು 600 ಮೀಟರು ದೂರಕ್ಕೆ ಕೇಳಿಸುತ್ತದೆ. ಒಂದು ಫರ್ಲಾಂಗು 200 ಮೀಟರು ಎಂದಿಟ್ಟುಕೊಂಡರೆ ಮೂರು ಫರ್ಲಾಂಗಾಯಿತು! ಅಮೆರಿಕದ ಇನ್ನೊಂದು ಜಾತಿಯ ಗಂಡು ಬಿಲ ಕಟ್ಟುವಾಗ ನಡುನಡುವೆ ಕಿರುದನಿ ಹೊರಡಿಸಿ, ಮತ್ತೆ ಮಣ್ಣು ತಿದ್ದಿ, ಬಿಲವು ತನ್ನ ಶ್ರುತಿಗೆ ಕೂಡುವವರೆಗೂ ಬಿಡುವುದಿಲ್ಲ. ಹಾರುತ್ತ ಹೋಗುವ ಹೆಣ್ಣು ಆ ನಾದಕ್ಕೆ ಇಳಿದು ಬರುತ್ತದೆ. ಮೊಟ್ಟೆಗಳನ್ನು ನೆಲದೊಳಗೆ ಗೂಡು ಮಾಡಿ ಇಡುತ್ತದೆ.

ಇನ್ನು ನನ್ನ ಕಾವಲಿನ ಮಾತು. ಚಿಮ್ಮಂಡೆಗೆ ಕಿವಿಯಿರುವುದು ಮುಂಗಾಲಿನಲ್ಲಿ. ನೆಲದ ಅದುರನ್ನೂ ಅದು ಕಾಲಿನಿಂದಲೇ ಅರಿಯುತ್ತದೆ. ನನ್ನ ಹೆಜ್ಜೆಗೆ ಹಾಡು ನಿಲ್ಲುತ್ತಿದ್ದುದು ಅದಕ್ಕೇ. ಬೆಳಗಾದ ಮೇಲೆ ಸದ್ದು ಬಂದ ಕಡೆ ಗುದ್ದಲಿ ಹಾಕಿದೆ. ಬದುವಿನ ಈ ಮಗ್ಗುಲಿನಿಂದ ಆ ಮಗ್ಗುಲಿಗೆ ಮೂರು ಸುರಂಗಗಳಿದ್ದವು. ಒಂದರಲ್ಲಿ ನೀರು ಇನ್ನೂ ಹರಿಯುತ್ತಿತ್ತು. ಸ್ವಲ್ಪ ಆಚೆ ನಿಂಬೆಹಣ್ಣಿನಷ್ಟು ಪೊಟರೆ, ಅದರಲ್ಲಿ ಬೆಳ್ಳಗಿನ ಮೊಟ್ಟೆಗಳು, ಕದಲದೆ ನಿಂತ ಹೆಣ್ಣು. ಗುದ್ದಲಿಯನ್ನು ಅಲ್ಲಿ ಹಾಕಲು ನನಗೆ ಕೈ ಬರಲಿಲ್ಲ. ಅಪ್ಪ ಬಂದು ಹಾಕಿದರು.

“ಓದಿದವನು ನೀನು, ಕಳ್ಳನನ್ನು ಹಿಡಿ ಅಂದರೆ ಹುಳ ಹಿಡಿದೆಯಲ್ಲೋ” ಎಂದರು. ಬಹಳ ಹೊತ್ತು ಆ ಸುರಂಗದ ಬಾಯನ್ನೇ ನೋಡಿದರು. ಮರುದಿನ ಜೇಡಿಮಣ್ಣು ತುಳಿದು ಬದುವನ್ನು ಹೊಸದಾಗಿ ಮೆತ್ತತೊಡಗಿದರು. ದೊಡ್ಡಪ್ಪನನ್ನು ಕರೆಯಲಿಲ್ಲ. ದೊಡ್ಡಪ್ಪ ತಾವಾಗಿ ಬಂದು ಆಚೆ ಮಗ್ಗುಲಿನಿಂದ ಮಣ್ಣು ಎಳೆದು ಕೊಡುತ್ತ, “ಇಲ್ಲಿ ಇನ್ನೊಂದು ತೂತು ಐತೆ ನೋಡೋ” ಎಂದರು.