ನಿರ್ಣಯಿಸಿರಿ ಎಂಬ ಆಜ್ಞೆ: ಭೂಹಕ್ಕಿನ ವಿಚಾರಣೆ, ವಿಳಂಬ ಮತ್ತು ಪರಮಾದೇಶ

ಜಮೀನಿನ ವ್ಯಾಜ್ಯದಲ್ಲಿ ಒಬ್ಬರು ಗೆಲ್ಲುತ್ತಾರೆ, ಇನ್ನೊಬ್ಬರು ಸೋಲುತ್ತಾರೆ ಎಂಬುದು ಸಾಮಾನ್ಯ ತಿಳಿವಳಿಕೆ. ಇವೆರಡಕ್ಕಿಂತಲೂ ಕಠಿಣವಾದ ಮೂರನೆಯ ಸ್ಥಿತಿಯೊಂದುಂಟು. ಅದು ನಿರ್ಣಯವೇ ಆಗದಿರುವುದು. ಸೋತವನಿಗೆ ಮೇಲ್ಮನವಿಯ ಬಾಗಿಲಾದರೂ ತೆರೆದಿರುತ್ತದೆ. ಆದೇಶವೇ ಹೊರಬೀಳದಿದ್ದಲ್ಲಿ ಯಾವುದರ ವಿರುದ್ಧ ಮೇಲ್ಮನವಿ ಸಲ್ಲಿಸುವುದು? ಇಂತಹ ಪ್ರಸಂಗದಲ್ಲಿ ಉಚ್ಚ ನ್ಯಾಯಾಲಯವು ಅಧಿಕಾರಿಗೆ ‘ಇಂತಿಷ್ಟು ವಾರಗಳೊಳಗೆ ವಿಚಾರಣೆಯನ್ನು ಮುಗಿಸಿರಿ’ ಎಂದು ಆಜ್ಞಾಪಿಸಬಲ್ಲದು. ಈ ಆಜ್ಞೆಯ ಸ್ವರೂಪವೇನು, ಅದರಿಂದ ದೊರೆಯುವುದೇನು, ದೊರೆಯದಿರುವುದೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದ ರೈತ ಮನೆತನಗಳಿಂದ ಬಂದ ನಿಮಗೆ ‘ಸಾತಬಾರಾ ಉತಾರಾ’ ಎಂಬ ಮಾತು ಹೊಸದಲ್ಲ. ಗ್ರಾಮ ನಮೂನೆ 7 ಹಕ್ಕುದಾರರನ್ನು, ನಮೂನೆ 12 ಬೆಳೆಯನ್ನು ತಿಳಿಸುತ್ತದೆ. ಕರ್ನಾಟಕದಲ್ಲಿ ಇದಕ್ಕೆ ಸಮಾನವಾದುದು ಪಹಣಿ. ಖಾತೆದಾರನು ತೀರಿಕೊಂಡಾಗ, ಜಮೀನು ಕ್ರಯವಾದಾಗ ಅಥವಾ ಅಣ್ಣತಮ್ಮಂದಿರಲ್ಲಿ ಹಿಸ್ಸೆಯಾದಾಗ ತಲಾಠಿಯು ಆ ಬದಲಾವಣೆಯನ್ನು ನಮೂನೆ 6ರಲ್ಲಿ, ಅಂದರೆ ಫೇರಫಾರ ವಹಿಯಲ್ಲಿ, ದಾಖಲಿಸುತ್ತಾನೆ. ಅದನ್ನು ಚಾವಡಿಯಲ್ಲಿ ಪ್ರಕಟಿಸಿ, ಸಂಬಂಧಪಟ್ಟವರಿಗೆ ನೋಟೀಸು ಕೊಡಬೇಕು. ಯಾರಾದರೂ ತಕರಾರು ಸಲ್ಲಿಸಿದರೆ ಅದು ವಿವಾದಗ್ರಸ್ತ ಪ್ರಕರಣಗಳ ವಹಿಗೆ ಹೋಗುತ್ತದೆ. ಮಹಾರಾಷ್ಟ್ರ ಭೂಕಂದಾಯ ಸಂಹಿತೆ, 1966ರ 150ನೆಯ ಕಲಮಿನ ಪ್ರಕಾರ ಇಂತಹ ತಕರಾರನ್ನು ಅವಲ ಕಾರಕೂನನಿಗಿಂತ ಕೆಳಗಿನ ದರ್ಜೆಯವನಲ್ಲದ ಅಧಿಕಾರಿಯು ‘ಸಾಧ್ಯವಾದ ಮಟ್ಟಿಗೆ’ ಒಂದು ವರ್ಷದೊಳಗೆ ಇತ್ಯರ್ಥಗೊಳಿಸಬೇಕು.

ಸರಕಾರ ಮತ್ತು ಖಾಸಗಿ ವ್ಯಕ್ತಿಯ ನಡುವಿನ ಹಕ್ಕಿನ ಪ್ರಶ್ನೆಗೆ ಬೇರೆ ಮಾರ್ಗವಿದೆ. ‘ಇದು ಸರಕಾರಿ ಜಮೀನಲ್ಲ, ನಮ್ಮದು’ ಎಂದು ಒಬ್ಬನು ವಾದಿಸಿದರೆ, ಅದೇ ಸಂಹಿತೆಯ 20ನೆಯ ಕಲಮಿನಂತೆ ಜಿಲ್ಲಾಧಿಕಾರಿಯು ಔಪಚಾರಿಕ ವಿಚಾರಣೆ ನಡೆಸಿ ಆದೇಶ ನೀಡಬಹುದು.

ಭಾಷೆಯ ವಿದ್ಯಾರ್ಥಿಗಳು ಇಲ್ಲಿ ಒಂದು ಪದಗುಚ್ಛವನ್ನು ಗಮನಿಸಬೇಕು. ‘ಒಂದು ವರ್ಷದೊಳಗೆ’ ಎಂಬುದು ಕಟ್ಟುಪಾಡು. ‘ಸಾಧ್ಯವಾದ ಮಟ್ಟಿಗೆ’ ಎಂಬುದು ಆ ಕಟ್ಟಿನ ಸಡಿಲ ಗಂಟು. ವಿಳಂಬವೆಲ್ಲ ನುಸುಳುವುದು ಈ ಎರಡು ಪದಗಳ ಮೂಲಕವೇ. ಅಧಿಕಾರಿಯ ವರ್ಗಾವಣೆ, ಚುನಾವಣೆಯ ಕೆಲಸ, ಮೋಜಣಿಯಾಗದ ಬಾಂದು, ಸಿಗದ ಹಳೆಯ ಕಾಗದ, ತಾರೀಖಿನ ಮೇಲೆ ತಾರೀಖು: ಕಾರಣಗಳಿಗೆ ಕೊರತೆಯಿಲ್ಲ. ಅತ್ತ ತಂದೆಯ ಹೆಸರಿನಲ್ಲಿಯೇ ಉಳಿದ ಉತಾರಾ ಹಿಡಿದ ಮಗನಿಗೆ ಬೆಳೆಸಾಲ ದೊರೆಯುವುದು ಕಷ್ಟ. ಜಮೀನು ರಸ್ತೆಗೋ ಕಾಲುವೆಗೋ ಹೋದರೆ ಪರಿಹಾರ ಪಡೆಯುವುದೂ ಕಷ್ಟ. ಮದುವೆಯಾಗಿ ಪರವೂರಿಗೆ ಹೋದ ಮಗಳ ವಾರಸಾ ಹಕ್ಕು ದಾಖಲೆಗೆ ಬರುವ ಮೊದಲೇ ಜಮೀನು ಕೈಬದಲಾಗಿಬಿಡುವುದೂ ಉಂಟು.

ಸಂವಿಧಾನದ 226ನೆಯ ಅನುಚ್ಛೇದವು ಉಚ್ಚ ನ್ಯಾಯಾಲಯಗಳಿಗೆ ರಿಟ್ ಆಜ್ಞೆಗಳನ್ನು ಹೊರಡಿಸುವ ಅಧಿಕಾರ ನೀಡಿದೆ. ಅವುಗಳಲ್ಲಿ ಒಂದು ಮ್ಯಾಂಡಮಸ್. ಲ್ಯಾಟಿನ್ನಿನಲ್ಲಿ ಇದರ ಅರ್ಥ ‘ನಾವು ಆಜ್ಞಾಪಿಸುತ್ತೇವೆ’ ಎಂದು. ಕನ್ನಡದಲ್ಲಿ ಇದನ್ನು ಪರಮಾದೇಶ ಎನ್ನುತ್ತೇವೆ. ಇದಕ್ಕೆ ಮುಖ್ಯವಾಗಿ ಎರಡು ಅಂಶಗಳು ಬೇಕು. ಒಂದು, ಕಾನೂನು ಅಧಿಕಾರಿಯ ಮೇಲೆ ಹೊರಿಸಿದ ಸಾರ್ವಜನಿಕ ಕರ್ತವ್ಯ. ಎರಡು, ಅದನ್ನು ನೆರವೇರಿಸಿರೆಂದು ಅರ್ಜಿದಾರನು ಮೊದಲು ಕೇಳಿಕೊಂಡಿರಬೇಕು ಮತ್ತು ಅಧಿಕಾರಿ ಅದನ್ನು ನಿರಾಕರಿಸಿರಬೇಕು. ದೀರ್ಘಕಾಲ ಉತ್ತರಿಸದೆ ಕುಳಿತರೆ ಅದನ್ನೂ ನಿರಾಕರಣೆಯೆಂದೇ ಎಣಿಸಬಹುದು. ಆದ್ದರಿಂದಲೇ ಬರವಣಿಗೆಯಲ್ಲಿ ಕೊಟ್ಟ ಮನವಿಗೂ ಅದರ ಪ್ರತಿಯ ಮೇಲೆ ಕಚೇರಿಯವರು ಒತ್ತಿದ ಆವಕ ಶಿಕ್ಕೆಗೂ ಇಷ್ಟೊಂದು ಬೆಲೆ.

ಈ ಆಜ್ಞೆಯ ಮಿತಿಯನ್ನು ಸ್ಪಷ್ಟವಾಗಿ ಅರಿಯಬೇಕು. ನ್ಯಾಯಾಲಯವು ‘ನಿರ್ಣಯಿಸಿರಿ’ ಎನ್ನುತ್ತದೆಯೇ ಹೊರತು ‘ಇವನ ಪರವಾಗಿಯೇ ನಿರ್ಣಯಿಸಿರಿ’ ಎನ್ನುವುದಿಲ್ಲ. ಉಭಯ ಪಕ್ಷಗಳನ್ನು ಕೇಳಿ, ಗುಣಾವಗುಣಗಳ ಮೇಲೆ, ಕಾನೂನಿಗೆ ಅನುಸಾರವಾಗಿ ತೀರ್ಮಾನಿಸಿರಿ ಎಂಬುದೇ ಇಂತಹ ಆದೇಶದ ವಾಡಿಕೆಯ ಒಕ್ಕಣೆ. ಇನ್ನು ಫೇರಫಾರದ ತೀರ್ಮಾನ ಬಂದರೂ ಅದರಿಂದ ಮಾಲೀಕತ್ವ ಹುಟ್ಟುವುದಿಲ್ಲ. ಆ ನೋಂದಣಿ ಕಂದಾಯ ವಸೂಲಿಯ ಅನುಕೂಲಕ್ಕಾಗಿ ಇರುವುದೆಂದು ಸರ್ವೋಚ್ಚ ನ್ಯಾಯಾಲಯವು 1996ರಷ್ಟು ಹಿಂದೆಯೇ ಹೇಳಿದೆ. ಮಾಲೀಕತ್ವದ ಅಂತಿಮ ಪ್ರಶ್ನೆ ದಿವಾಣಿ ನ್ಯಾಯಾಲಯದ್ದು.

ಇಂತಹ ಆದೇಶಗಳ ಕುರಿತು ಸರ್ವೋಚ್ಚ ನ್ಯಾಯಾಲಯವೇ ಎಚ್ಚರಿಕೆಯ ಮಾತುಗಳನ್ನೂ ಆಡಿದೆ. 2006ರಲ್ಲಿ ಆಂಧ್ರಪ್ರದೇಶದ ರಸ್ತೆ ಸಾರಿಗೆ ಸಂಸ್ಥೆಯ ಪ್ರಕರಣದಲ್ಲಿ, ‘ಪರಿಶೀಲಿಸಿರಿ’ ಎಂಬ ಆದೇಶಕ್ಕೂ ‘ಪರಿಹಾರ ನೀಡಿರಿ’ ಎಂಬ ಆದೇಶಕ್ಕೂ ಇರುವ ಅಂತರವನ್ನು ಅದು ಬಿಡಿಸಿ ಹೇಳಿತು. 2008ರ ಮತ್ತೊಂದು ಪ್ರಕರಣದಲ್ಲಿ, ಎಂದೋ ಸತ್ತುಹೋದ ಹಕ್ಕೊತ್ತಾಯಕ್ಕೆ ಹೊಸ ಮನವಿ ಬರೆದು, ಅದನ್ನು ಪರಿಶೀಲಿಸುವ ಆದೇಶ ತಂದು ಜೀವ ತುಂಬುವ ಪರಿಪಾಠವನ್ನು ಟೀಕಿಸಿತು. ಇವು ಸೇವಾ ವಿಷಯಗಳಾದರೂ ತತ್ವವು ಜಮೀನಿಗೂ ಅನ್ವಯಿಸುತ್ತದೆ. ಅಧಿಕಾರಿಯ ವಿಳಂಬವನ್ನು ಪ್ರಶ್ನಿಸುವವನು ತಾನೂ ವಿಳಂಬಿಸಿರಬಾರದು.

ಹಾಗಾದರೆ ದೊರೆಯುವುದೇನು? ಕಾರಣಸಹಿತವಾದ ಒಂದು ಲಿಖಿತ ಆದೇಶ. ಅದು ವಿರುದ್ಧವಾಗಿದ್ದರೂ ಮುಂದಿನ ಹೆಜ್ಜೆಗೆ ನೆಲ ಸಿಕ್ಕಂತಾಗುತ್ತದೆ. ಜಿಲ್ಲಾಧಿಕಾರಿಗಿಂತ ಕೆಳಗಿನ ಅಧಿಕಾರಿಯ ಆದೇಶದ ವಿರುದ್ಧ 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು; 20ನೆಯ ಕಲಮಿನ ಆದೇಶವನ್ನು ಒಂದು ವರ್ಷದೊಳಗೆ ದಿವಾಣಿ ದಾವೆಯಲ್ಲಿ ಪ್ರಶ್ನಿಸಬಹುದು. ಅಧಿಕಾರಿಯು ನ್ಯಾಯಾಲಯದ ಗಡುವನ್ನು ಬೇಕೆಂದೇ ಮೀರಿದರೆ ನ್ಯಾಯಾಂಗ ನಿಂದನೆ ಅಧಿನಿಯಮ, 1971ರಂತೆ ಆರು ತಿಂಗಳವರೆಗಿನ ಸಾದಾ ಸೆರೆವಾಸ ಅಥವಾ 2,000 ರೂಪಾಯಿಗಳವರೆಗಿನ ದಂಡ, ಇಲ್ಲವೇ ಎರಡೂ ಆಗಬಹುದು. ಆ ಕ್ರಮಕ್ಕೂ ಒಂದು ವರ್ಷದ ಕಾಲಮಿತಿಯಿದೆ. ನಮ್ಮ ಭಾಗದವರು ರಿಟ್ ಅರ್ಜಿಗಾಗಿ ಮುಂಬಯಿಗೆ ಹೋಗಬೇಕಾಗಿದ್ದಿತು. 2025ರ ಆಗಸ್ಟ್ 18ರಿಂದ ಕೊಲ್ಹಾಪುರದ ಸಂಚಾರಿ ಪೀಠವು ಸೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಪ್ರಕರಣಗಳನ್ನೂ ಕೇಳುತ್ತಿದೆ.

ಕನ್ನಡ ವಿಭಾಗಕ್ಕೆ ಈ ವಿಷಯದ ಸಂಬಂಧವೇನೆಂದು ಕೇಳಬಹುದು. ನಾವು ಇಂದು ಫೈಲಿಗೆ ಬಳಸುವ ‘ಕಡತ’ ಎಂಬ ಪದ ಮೂಲತಃ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಸವರಿ, ಮಡಿಚಿ, ಬಳಪದಿಂದ ಬರೆಯುತ್ತಿದ್ದ ಬಟ್ಟೆಯ ಲೆಕ್ಕಪುಸ್ತಕದ ಹೆಸರು. ನೀವು ಓದುವ ದಾನಶಾಸನಗಳು ಜಮೀನನ್ನು ಮತ್ತರುಗಳಲ್ಲಿ ಅಳೆದು, ನಾಲ್ಕು ದಿಕ್ಕಿನ ಎಲ್ಲೆಗಳನ್ನು ಹೇಳಿ, ಅಪಹರಿಸಿದವನಿಗೆ ಶಾಪವಿಟ್ಟು ಮುಗಿಯುತ್ತವೆ. ನೆಲದ ಹಕ್ಕು ಸ್ಪಷ್ಟವಾದ ಬರಹವನ್ನು ಆಶ್ರಯಿಸಿದೆ ಎಂಬ ಅರಿವು ನಮ್ಮ ಭಾಷೆಯಲ್ಲಿ ಅಷ್ಟು ಹಳೆಯದು. ಅಕ್ಕಲಕೋಟೆ, ಜತ್ತ ಸಂಸ್ಥಾನಗಳು 1948ರಲ್ಲಿ ವಿಲೀನವಾದವು. ಈ ಸೀಮೆಯ ಹಳೆಯ ಕಾಗದಗಳಲ್ಲಿ ಮೋಡಿ ಲಿಪಿಯ ಮರಾಠಿಯೂ ಇದೆ, ಕನ್ನಡವೂ ಇದೆ. ಅವುಗಳನ್ನು ಓದಬಲ್ಲವರು ಕಡಿಮೆಯಾದಷ್ಟೂ ವಿಚಾರಣೆಗಳು ನಿಧಾನವಾಗುತ್ತವೆ. ಕನ್ನಡ ಮಾತನಾಡುವ ಅಜ್ಜಿಗೆ ಮರಾಠಿ ನೋಟೀಸಿನಲ್ಲಿರುವ ತಾರೀಖನ್ನು ಓದಿ ಹೇಳುವುದು, ಅವಳ ಮನವಿಯನ್ನು ಶುದ್ಧ ಮರಾಠಿಯಲ್ಲಿ ಬರೆದು ಆವಕ ಶಿಕ್ಕೆ ಹಾಕಿಸಿ ತರುವುದು, ಹಳೆಯ ಕಾಗದದ ಲಿಪಿಯನ್ನು ಗುರುತಿಸುವುದು: ಎರಡು ಭಾಷೆಗಳನ್ನು ಬಲ್ಲ ಗಡಿನಾಡ ವಿದ್ಯಾರ್ಥಿಗೆ ಇವು ಕಠಿಣವಲ್ಲ. ಪರಮಾದೇಶಕ್ಕೆ ಬೇಕಾಗುವ ಮೊದಲ ಕಾಗದವು ಸಿದ್ಧವಾಗುವುದು ನ್ಯಾಯಾಲಯದಲ್ಲಲ್ಲ, ಮನೆಯ ಪಡಸಾಲೆಯಲ್ಲಿ.